ಜ್ವರ ಎದ್ದ ಹುಳಕ್ಕೆ ಅವಸರದ ಸೊಪ್ಪು ಬೇಡ

ರೇಷ್ಮೆ ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ. ಅದು ಕಾಯಿಲೆ ಅಲ್ಲ. ಗೂಡು ಕಟ್ಟುವುದರೊಳಗೆ 4 ಸಲ ಬರುತ್ತದೆ, ಒಂದೊಂದಕ್ಕೂ ಹೆಚ್ಚುಕಮ್ಮಿ ಒಂದು ದಿನ. ಹುಳ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂತಿರುತ್ತದೆ.

ಕೂಡ್ಲಿಗಿಯ ನಮ್ಮ ಹೊಲದಲ್ಲಿ ಶೇಂಗಾ ಕೈಕೊಟ್ಟ ಮೇಲೆ, ಬೋರಿನ ಅಷ್ಟಿಷ್ಟು ನೀರು ನಂಬಿ ಒಂದೆಕರೆ ಹಿಪ್ಪುನೇರಳೆ ಹಚ್ಚಿದೆ. ಮೊದಲ ವರ್ಷ ಮೂರನೇ ಜ್ವರದಲ್ಲಿ ಅರ್ಧ ಹುಳ ಎದ್ದದ್ದು ನೋಡಿ, ಪಾಪ ಹಸಿದಾವು ಅಂತ ಸೊಪ್ಪು ಹಾಕಿಬಿಟ್ಟೆ. ಏಳದಿದ್ದವು ಸೊಪ್ಪಿನಡಿ ಸಿಕ್ಕವು. ಹಾಸಿಗೆ ಹಸಿಯಾಗಿ ಪೊರೆ ಕಳಚಲಿಲ್ಲ. ಸಣ್ಣವು ದೊಡ್ಡವು ಬೆರೆತವು, ಸೊರಗಿದವಕ್ಕೆ ಹಾಲುತೊಂಡೆ ತಗುಲಿತು. ಆ ಬೆಳೆ ಪೂರಾ ಹೋಯಿತು.

ಈಗ ಜ್ವರಕ್ಕೆ ಕೂತವು ಅಂದರೆ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸ್ತೀನಿ, ಗಾಳಿಗೆ ಕಿಟಕಿ ತೆಗೀತೀನಿ. ಎದ್ದ ಹುಳದ ತಲೆ ದೊಡ್ಡದು, ಮೈ ಸಡಿಲ. 100ಕ್ಕೆ 95 ಎದ್ದವೋ, ಆಗ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ ವಿಜೇತ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಉದುರಿಸಬೇಕು. ಅರ್ಧ ತಾಸು ಬಿಟ್ಟು ಸೊಪ್ಪು. ಹೊಸ ಚರ್ಮ, ಹೊಸ ಬಾಯಿ ಮೆತ್ತಗಿರುತ್ತವೆ, ಬಲಿತ ಎಲೆ ಮೊದಲಿಗೇ ಬೇಡ. ಹಾಗಂತ ಎದ್ದವನ್ನು ಬಹಳ ಹೊತ್ತು ಉಪವಾಸ ಕೆಡವಲೂಬಾರದು.

ಗೆಣ್ಣು ಊದಿ, ಮೈ ಹೊಳೆಯುತ್ತಾ ಅಂಚಿಗೆ ಹರಿದಾಡುವ ಹುಳಕ್ಕೆ ಆರೈಕೆ ಇಲ್ಲ. ಅದು ಒಡೆದರೆ ಹಾಲಿನಂಥ ರಸದಿಂದ ಪಕ್ಕದವಕ್ಕೂ ರೋಗ. ಚಿಮಟದಲ್ಲಿ ಆರಿಸಿ ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಹಾಕಿ, ಕೋಳಿಗೆ ಎಸೀಬೇಡಿ. ಈ ಆರಿಸೋದರಲ್ಲಿ ನಮ್ಮ ಮನೆಯಾಕೆ ನನಗಿಂತ ಚುರುಕು. ಮುಂಜಾನೆ ಸೊಪ್ಪು ಹಾಕೋ ಮೊದಲು ದಿನಾ ಒಂದು ಸುತ್ತು ನೋಡೇ ನೋಡ್ತಾಳೆ.