ಬ್ರೇಕ್ ಕೊಳವೆಯ ತುದಿಯಲ್ಲಿ

ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟಿಕೊಳ್ಳುವ ಹುಚ್ಚು ಇಂಗ್ಲೆಂಡಿನವರಿಗೆ ಹಳೆಯದು. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬಾತ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದ ಮೇಲಂತೂ ಗುಜರಿ ಸೇರಬೇಕಿದ್ದ ಫೋರ್ಡ್ ಎಸ್ಕಾರ್ಟ್‌ಗಳಿಗೆ ಮರುಜನ್ಮ ಬಂತು. ಅಷ್ಟೇ ಹಣದಲ್ಲಿ ಮುಗಿಸಿದವರೆಷ್ಟು ಮಂದಿ, ಅದು ಬೇರೆ ಮಾತು.

ಇಂಥ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಒಂದು ಗಾಡಿಯದು, ಕ್ಯಾಲಿಪರ್ ಇನ್ನೊಂದರದು, ಹೋಸ್ ರೇಸಿಂಗ್ ಅಂಗಡಿಯದು. ಅವನ್ನೆಲ್ಲ ಜೋಡಿಸುವುದು ಬೆರಳ ತುದಿಯಷ್ಟಿರುವ ನಟ್ಟುಗಳು. ತಕರಾರು ಇರುವುದೂ ಅಲ್ಲೇ.

ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಸಾಮಾನ್ಯವಾಗಿ 3/8 ಇಂಚಿನ, ಇಂಚಿಗೆ 24 ಸುತ್ತಿನ ಥ್ರೆಡ್. ಹೊಸ ಗಾಡಿಗಳಲ್ಲಿ 10 ಮಿ.ಮೀ.ನ ಮೆಟ್ರಿಕ್ ಥ್ರೆಡ್, ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಎರಡರ ದಪ್ಪಕ್ಕೂ ಅರ್ಧ ಮಿ.ಮೀ.ನಷ್ಟೂ ವ್ಯತ್ಯಾಸವಿಲ್ಲ. ಇಂಚಿನ ನಟ್ಟು ಮೆಟ್ರಿಕ್ ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಸ್ಪ್ಯಾನರ್ ಹಾಕಿದರೆ ಬಿಗಿಯಾದಂತೆಯೂ ಅನಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಒಳಗಿನ ಒತ್ತಡ 100 ಬಾರ್ ಮುಟ್ಟಬಹುದು. ಆಗ ಕಿತ್ತು ಬಂದರೆ ಗತಿಯೇನು? ಬೆರಳಲ್ಲೇ ತಿರುಗಿಸಿ ನೋಡಿ. ಅಲುಗಿದರೆ ಅದನ್ನು ಪಕ್ಕಕ್ಕಿಡಿ, ವರ್ನಿಯರ್ ಮತ್ತು ಥ್ರೆಡ್ ಗೇಜ್ ಕೈಗೆತ್ತಿಕೊಳ್ಳಿ.

ಥ್ರೆಡ್ ಕೂಡಿಬಂದರೂ ಕೆಲಸ ಮುಗಿಯಲಿಲ್ಲ. ದ್ರವವನ್ನು ತಡೆಯುವುದು ಥ್ರೆಡ್ಡಲ್ಲ, ಅರಳಿಸಿದ ಕೊಳವೆಯ ತುದಿ. ಅದನ್ನೇ ಫ್ಲೇರ್ ಅನ್ನುವುದು. ಅಮೆರಿಕದ ಗಾಡಿಗಳದ್ದು 45 ಡಿಗ್ರಿಯ ಡಬಲ್ ಫ್ಲೇರ್. ಯುರೋಪಿನದು ಅಣಬೆಯ ತಲೆಯಂಥ ಬಬಲ್ ಫ್ಲೇರ್. ವಿಮಾನಗಳಿಂದ ಇಳಿದು ಬಂದ ಎಎನ್ ಫಿಟ್ಟಿಂಗ್‌ಗೆ 37 ಡಿಗ್ರಿ. ಎಎನ್ 3 ಅಂದರೆ 3/16 ಇಂಚಿನ ಕೊಳವೆಗೆ ಹೊಂದುವುದು. ಅದರ ಥ್ರೆಡ್ಡೂ 3/8 ಇಂಚು, 24 ಸುತ್ತು! ನಟ್ಟು ಹೊಂದುತ್ತದೆ, ಕೋನ ಹೊಂದುವುದಿಲ್ಲ. ಇದು ಮೊದಲಿನದಕ್ಕಿಂತ ಕಪಟಿ ಮೋಸ, ಏಕೆಂದರೆ ಬೆರಳಿಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಇಡೀ ಗಾಡಿಗೆ ಒಂದೇ ಪದ್ಧತಿ ಆರಿಸಿ, ಬದಲಾವಣೆ ಬೇಕಾದಲ್ಲಿ ಮಾತ್ರ ಅಡಾಪ್ಟರ್ ಹಾಕುವುದೇ ಮೇಲು.

ಕೊಳವೆ ತಾಮ್ರ–ನಿಕಲ್ ಮಿಶ್ರಲೋಹದ್ದಾದರೆ ತುಕ್ಕಿನ ಚಿಂತೆಯಿಲ್ಲ, ಕೈಯಲ್ಲೇ ಬಾಗುತ್ತದೆ. ಸ್ಟೇನ್‌ಲೆಸ್ ಚೆಂದವೇನೋ ಹೌದು, ಫ್ಲೇರ್ ಮಾಡಲು ಬೆವರಿಳಿಸುತ್ತದೆ. ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಪ್ರತಿಸಲ ಹೊಸದೇ ಇರಲಿ.

ಎಲ್ಲ ಮುಗಿದು ಗಾಳಿ ತೆಗೆದಾದ ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಪ್ರತಿ ಜೋಡಣೆಗೂ ಒಣ ಟಿಶ್ಯೂ ಸುತ್ತಿ ನೋಡಬೇಕು. ಒದ್ದೆಯಾದ ಕಡೆ ಇನ್ನಷ್ಟು ಬಿಗಿಯುವುದಾಗಲಿ, ಟೆಫ್ಲಾನ್ ಟೇಪ್ ಸುತ್ತುವುದಾಗಲಿ ಬೇಡ. ಬಿಚ್ಚಿ ಫ್ಲೇರ್ ನೋಡಿ; ಓರೆಯಾಗಿದ್ದರೆ ಕತ್ತರಿಸಿ ಹೊಸದಾಗಿ ಅರಳಿಸಿ. ಅದಕ್ಕೂ ಮೊದಲು ನಟ್ಟನ್ನು ಕೊಳವೆಗೆ ಪೋಣಿಸಲು ಮರೆಯಬೇಡಿ.