ಕನ್ನ ಕೊರೆದವನ ಪಶ್ಚಾತ್ತಾಪ: ಮೂಕಿ ಯುಗದ ‘ವಸಂತಸೇನಾ’

1930ರ ಆಸುಪಾಸಿನ ವರ್ಷಗಳಲ್ಲಿ ಕನ್ನಡ ನಾಡಿನ ಕೆಲವು ಸಾಹಿತಿ ಕಲಾವಿದರು ಮೂಕಿ ಚಿತ್ರಕ್ಕೆ, ಎಂದರೆ ಧ್ವನಿಯಿಲ್ಲದೆ ಅಭಿನಯದಿಂದಲೂ ನಡುನಡುವೆ ಮೂಡುವ ಬರಹದ ಫಲಕಗಳಿಂದಲೂ ಕಥೆ ಹೇಳುವ ಸಿನಿಮಾಕ್ಕೆ, ಮನಸ್ಸು ಕೊಟ್ಟರು. ಮೋಹನ್ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’ ಆ ಪ್ರಯತ್ನಗಳಲ್ಲಿ ಮುಖ್ಯವಾದುದು. ನಟಿ ಏಣಾಕ್ಷಿ ರಾಮರಾವ್ ಅವರೊಡನೆ ನಾಟಕಕಾರ ಟಿ.ಪಿ. ಕೈಲಾಸಂ ಅದರಲ್ಲಿ ನಟಿಸಿದರು. ಗೌರವಸ್ಥ ಮನೆತನದ ಹೆಣ್ಣುಮಕ್ಕಳು ಪರದೆಯ ಮೇಲೆ ಬರುವುದನ್ನು ಸಮಾಜ ಒಪ್ಪದಿದ್ದ ಕಾಲದಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಬಣ್ಣ ಹಚ್ಚಿದರು.

ಚಿತ್ರಕ್ಕೆ ಆಧಾರವಾದುದು ಶೂದ್ರಕನ ಹತ್ತು ಅಂಕಗಳ ಸಂಸ್ಕೃತ ಪ್ರಕರಣ ‘ಮೃಚ್ಛಕಟಿಕ’. ಪ್ರಕರಣವೆಂದರೆ ಪುರಾಣದಿಂದ ತೆಗೆದುಕೊಳ್ಳದೆ ಕವಿಯೇ ಕಲ್ಪಿಸಿದ, ಊರ ಜನರ ಬದುಕನ್ನು ಹೇಳುವ ನಾಟಕ. ಬಡತನಕ್ಕಿಳಿದ ಬ್ರಾಹ್ಮಣ ಚಾರುದತ್ತ ಮತ್ತು ಗಣಿಕೆ ವಸಂತಸೇನೆಯರ ಪ್ರೇಮವೇ ಅದರ ಕಥೆಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆಯಾದರೂ, ಅಪರಾಧಿಯೊಬ್ಬನು ತನ್ನ ಪಾಪದಿಂದ ಹೊರಬರುವ ಬಗೆಯನ್ನು ಅದರಷ್ಟು ಆಳವಾಗಿ ಕಾಣಿಸಿದ ಕೃತಿಗಳು ಲೋಕದಲ್ಲಿ ವಿರಳ.

ಆ ಅಪರಾಧಿ ಬ್ರಾಹ್ಮಣನಾದ ಶರ್ವಿಲಕ. ವಸಂತಸೇನೆಯ ದಾಸಿಯಾಗಿರುವ ತನ್ನ ಪ್ರೇಯಸಿ ಮದನಿಕೆಯನ್ನು ಹಣಕೊಟ್ಟು ಬಿಡಿಸಿಕೊಳ್ಳಲು ಅವನು ಮೂರನೆಯ ಅಂಕದಲ್ಲಿ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಅಳತೆಯ ದಾರ ಮರೆತುಬಂದುದರಿಂದ ಜನಿವಾರದಿಂದಲೇ ಗೋಡೆಯನ್ನು ಅಳೆದು, ಪೂರ್ಣಕುಂಭದ ಆಕಾರದಲ್ಲಿ ಕೊರೆದು ಒಳಹೊಕ್ಕು, ವಸಂತಸೇನೆ ಅಲ್ಲಿ ಇಡಲು ಕೊಟ್ಟಿದ್ದ ಒಡವೆಗಳನ್ನೇ ಕದಿಯುತ್ತಾನೆ. ಒಡವೆ ಯಾರದೆಂದು ಗುರುತಿಸಿದ ಮದನಿಕೆ, ಚಾರುದತ್ತನೇ ಕಳುಹಿಸಿದನೆಂದು ಹೇಳಿ ಅದನ್ನು ಒಡತಿಗೆ ಒಪ್ಪಿಸುವಂತೆ ಅವನಿಗೆ ತಿಳಿಹೇಳುತ್ತಾಳೆ. ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ವಸಂತಸೇನೆ ಬಯಲು ಮಾಡದೆ, ಮದನಿಕೆಯನ್ನು ಬಿಡುಗಡೆ ಮಾಡಿ ಅವನೊಡನೆ ಕಳುಹಿಸುತ್ತಾಳೆ. ಶಿಕ್ಷೆಯಿಂದಲ್ಲ, ಅರ್ಹತೆ ಮೀರಿ ದೊರೆತ ಔದಾರ್ಯದಿಂದ ಶರ್ವಿಲಕ ಬದಲಾಗುತ್ತಾನೆಂಬುದು ಇಲ್ಲಿ ಅತ್ಯಂತ ಮುಖ್ಯ. ಗೆಳೆಯ ಆರ್ಯಕನು ಸೆರೆಯಾದ ಸುದ್ದಿ ತಿಳಿದೊಡನೆ ಹೊಸ ಮಡದಿಯನ್ನೂ ಬಿಟ್ಟು ಅವನನ್ನು ಬಿಡಿಸಲು ಹೊರಡುವ ಅವನು, ಕೊನೆಯ ಅಂಕದಲ್ಲಿ, ವಸಂತಸೇನೆಯನ್ನು ಕೊಂದನೆಂಬ ಸುಳ್ಳು ಆರೋಪದ ಮೇಲೆ ಚಾರುದತ್ತನನ್ನು ಕೊಲ್ಲಲು ಕರೆತಂದಿದ್ದ ವಧಸ್ಥಾನಕ್ಕೇ ಬಂದು, ಮನೆಗೆ ಕನ್ನ ಕೊರೆದವನು ತಾನೇ ಎಂದು ಚಾರುದತ್ತನ ಮುಂದೆ ಒಪ್ಪಿಕೊಳ್ಳುತ್ತಾನೆ. ಚಾರುದತ್ತ ಅವನನ್ನು ಅಪ್ಪಿಕೊಳ್ಳುತ್ತಾನೆ. ಜೂಜಿನಲ್ಲಿ ಸೋತು ಬೌದ್ಧ ಭಿಕ್ಷುವಾದ ಸಂವಾಹಕನೂ, ತನ್ನ ಸಾಲ ತೀರಿಸಿದ ವಸಂತಸೇನೆಯ ಪ್ರಾಣ ಉಳಿಸಿ ಅದೇ ದಾರಿಯಲ್ಲಿ ನಡೆಯುತ್ತಾನೆ.

ಅಪರಾಧಿಯ ಪರಿವರ್ತನೆಯೆಂಬ ಇದೇ ವಸ್ತುವನ್ನು ಅಮೆರಿಕದ ಮೂಕಿ ಚಿತ್ರಗಳೂ ಎತ್ತಿಕೊಂಡಿದ್ದವು. ರೌಲ್ ವಾಲ್ಷ್ ಅವರ ‘ರೀಜನರೇಷನ್’ (1915) ಚಿತ್ರದಲ್ಲಿ ನ್ಯೂಯಾರ್ಕಿನ ಪುಂಡರ ನಾಯಕನೊಬ್ಬ ಸಮಾಜ ಸೇವಕಿಯ ಪ್ರೀತಿಯಿಂದ ತಿದ್ದಿಕೊಂಡರೆ, ಸ್ಟರ್ನ್‌ಬರ್ಗ್ ಅವರ ‘ಅಂಡರ್‌ವರ್ಲ್ಡ್’ (1927) ಚಿತ್ರದ ಬುಲ್ ವೀಡ್ ಗೆಳೆಯನ ನಿಷ್ಠೆ ಮನವರಿಕೆಯಾದ ಮೇಲೆ ಸುತ್ತುವರಿದಿದ್ದ ಪೊಲೀಸರಿಗೆ ಶರಣಾಗುತ್ತಾನೆ. ಇವರಿಬ್ಬರಿಗಿಂತ ಶರ್ವಿಲಕನೇ ದೊಡ್ಡವನು, ಏಕೆಂದರೆ ಅವನ ತಪ್ಪೊಪ್ಪಿಗೆಯನ್ನು ಯಾರೂ ಬಯಸಿರಲಿಲ್ಲ, ಯಾರೂ ಒತ್ತಾಯಿಸಿರಲಿಲ್ಲ.

1931ರಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’, 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದ ಮೇಲೆ ಮೂಕಿ ಚಿತ್ರಗಳನ್ನು ಕೇಳುವವರಿರಲಿಲ್ಲ. ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನ ಮೇಲಿದ್ದ ಅವುಗಳಲ್ಲಿ ಬಹುಪಾಲು ನಾಶವಾದವು. ಆದರೂ ಕಳೆದುಹೋಯಿತೆಂದು ನಂಬಲಾಗಿದ್ದ ‘ರೀಜನರೇಷನ್’ ದಶಕಗಳ ನಂತರ ಸಿಕ್ಕಿತು. ನಮ್ಮ ಮೂಕಿ ಚಿತ್ರಗಳ ಕುರುಹುಗಳೂ ಹಾಗೆಯೇ ಎಲ್ಲಾದರೂ ಉಳಿದಿರಬಹುದು. ಆದ್ದರಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಂತಹ ಊರುಗಳಲ್ಲಿ ಟೆಂಟ್ ಸಿನಿಮಾ ನಡೆಸಿದ ಮನೆತನಗಳವರು ಅಟ್ಟದ ಮೇಲಿನ ಹಳೆಯ ಕರಪತ್ರ, ಭಿತ್ತಿಪತ್ರ, ರೀಲಿನ ಡಬ್ಬಿಗಳನ್ನು ಗುಜರಿಗೆ ಹಾಕದೆ, ರೀಲುಗಳನ್ನು ಬೆಂಕಿಯಿಂದ ದೂರವಿಟ್ಟು, ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಬೇಕು.