ಟಾರ್ಚ್‌ನಿಂದ ರಿಫ್ಲೆಕ್ಟರ್ ತೆಗೆದ್ರೆ ಏನು ಸಿಗುತ್ತೆ?

ಈ ಸಲದ ವಿಡಿಯೋನ ಲೈಟ್ ಆರಿಸಿಕೊಂಡು ತೆಗೆದಿದ್ದೆ. "ನಿಮ್ಮ ಮುಖಾನೇ ಕಾಣ್ತಿಲ್ಲ" ಅಂತ ತುಂಬ ಜನ ದೂರಿದ್ರು. ಮುಖ ಬಿಡಿ, ಗೋಡೆ ಮೇಲಿನ ಬೆಳಕು ನೋಡ್ಬೇಕಿತ್ತು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಇದೆಲ್ಲ ಶುರುವಾಗಿದ್ದು ಒಂದು ಬಿದ್ದ ಕಥೆಯಿಂದ. ಬಿದ್ದೋನು ನಾನಲ್ಲ, ತಪ್ಪು ಮಾತ್ರ ನಂದೇ.

ಪುಣೆಯಲ್ಲಿ ಇರೋರಿಗೆ 'ಕೆಟುಎಸ್' ಗೊತ್ತಿರುತ್ತೆ. ಕಾತ್ರಜ್ ಹಳೇ ಸುರಂಗದ ಹತ್ತಿರ ಹತ್ತಿ, ಗುಡ್ಡದ ಸಾಲಿನ ಮೇಲೇ ಇಡೀ ರಾತ್ರಿ ನಡೆದು, ಬೆಳಗಾಗೋ ಹೊತ್ತಿಗೆ ಸಿಂಹಗಡದ ರಸ್ತೆಗೆ ಇಳಿಯೋ ಚಾರಣ. ಎತ್ತರ ಅಂಥಾದ್ದೇನಲ್ಲ. ಆದರೆ ಒಂದಾದ ಮೇಲೊಂದು ಗುಡ್ಡ, ಹತ್ತು ಇಳಿ, ಹತ್ತು ಇಳಿ. ಇಳಿಜಾರಿನ ತುಂಬ ಒಣಹುಲ್ಲು, ಸಡಿಲ ಜಲ್ಲಿ. ಇಲ್ಲಿನವರು ಅದಕ್ಕೆ 'ಘಸಾರಾ' ಅಂತಾರೆ. ಸಾಮಾನ್ಯವಾಗಿ ಹುಣ್ಣಿಮೆ ಆಸುಪಾಸು ಹೋಗ್ತಾರೆ. ನಾವು ರಜೆ ಸಿಕ್ತು ಅಂತ ಅಮಾವಾಸ್ಯೆ ಹತ್ತಿರ ಹೊರಟ್ವಿ.

ನನ್ನ ಹತ್ತಿರ ಹೊಸ ಟಾರ್ಚ್ ಇತ್ತು. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ನೂರಾರು ಮೀಟರ್ ದೂರ ಹೋಗುತ್ತೆ ಅಂತ ಬರೆದಿತ್ತು. ನಿಜವಾಗ್ಲೂ ಹೋಗ್ತಿತ್ತು. ಮುಂದಿನ ಗುಡ್ಡದ ನೆತ್ತಿ ಮೇಲಿನ ಮರಕ್ಕೆ ಬಿಟ್ಟು ತೋರಿಸ್ದೆ, ಎಲ್ರೂ "ವ್ಹಾ" ಅಂದ್ರು, ನಾನೇ ಮುಂದಾಳು ಆದೆ. ಮೂರೋ ನಾಲ್ಕೋ ಗುಡ್ಡ ಆದ್ಮೇಲೆ ಒಂದು ಇಳಿಜಾರಲ್ಲಿ ನನ್ನ ಹಿಂದೆ ಬರ್ತಿದ್ದ ಆಫೀಸಿನ ಗೆಳೆಯ ಜಾರಿ ಬಿದ್ದ. ಪಾದದ ಗಂಟು ಉಳುಕಿ ಊದ್ಕೊಂಡ್ತು. ಬಿದ್ದ ಜಾಗ ಏನು ಭಯಂಕರ ಅಲ್ಲ, ಒಂದು ಮೊಳ ಆಳದ ಕೊರಕಲು. ನಾನು ಅದನ್ನ ದಾಟಿದ್ದೆ, ಆದ್ರೆ ನೋಡಿರ್ಲಿಲ್ಲ. ಅವನಿಗೆ ಕಂಡಿದ್ದು ನನ್ನ ನೆರಳು ಮಾತ್ರ.

ಗುಂಪಲ್ಲಿ ವಯಸ್ಸಾದ ಒಬ್ಬ ಕಾಕಾ ಇದ್ರು, ಸಹ್ಯಾದ್ರಿ ಸುತ್ತಿ ಸುತ್ತಿ ಸವೆದವರು. ಅವರ ಎದೆ ಮೇಲೆ ಬ್ಯಾಗಿನ ಪಟ್ಟಿಗೆ ಒಂದು ಪುಟ್ಟ ಲೈಟು ಸಿಕ್ಕಿಸಿತ್ತು. ನನ್ನ ಟಾರ್ಚಿನ ಮುಂದೆ ಮಂಕು. ಆದ್ರೆ ಅವರ ಸುತ್ತ ನಾಲ್ಕೈದು ಮೀಟರ್ ನೆಲ ಪೂರ್ತಿ, ಒಂದೇ ಸಮ ಕಾಣ್ತಿತ್ತು. ನನ್ನ ಕೈಯಿಂದ ಟಾರ್ಚ್ ಇಸ್ಕೊಂಡು ಆರಿಸಿ, "ಖಾಲೀ ಬಘ್, ಲಾಂಬ್ ನಕೋ" ಅಂದ್ರು. ಕೆಳಗೆ ನೋಡು, ದೂರ ಬೇಡ. ಮಿಕ್ಕ ದಾರಿ ಗೆಳೆಯನ ಹೆಗಲು ಹಿಡ್ಕೊಂಡು ಆ ಲೈಟಿನ ಹಿಂದೆ ನಡೆದೆ. ಆ ಲೈಟಲ್ಲಿ ರಿಫ್ಲೆಕ್ಟರ್ರೂ ಇಲ್ಲ, ಲೆನ್ಸೂ ಇಲ್ಲ. ಎಲ್‌ಇಡಿ, ಮುಂದೊಂದು ಸಪಾಟು ಗಾಜು, ಅಷ್ಟೇ. ಟಾರ್ಚ್ ಹುಚ್ಚಿನವರು ಇಂಥದ್ದಕ್ಕೆ 'ಮ್ಯೂಲ್' ಅಂತಾರೆ. ಹೇಸರಗತ್ತೆ! ಹೆಸರು ಚೆನ್ನಾಗೇ ಇದೆ, ಗುಡ್ಡ ಹತ್ತೋಕೆ ಕುದುರೆಗಿಂತ ಅದೇ ವಾಸಿ.

ಈಗ ಲೆಕ್ಕಕ್ಕೆ ಬರೋಣ. ಎರಡು ಪದ ಬೇಕು. ಲೂಮೆನ್ ಅಂದ್ರೆ ಟಾರ್ಚಿಂದ ಹೊರಬರೋ ಒಟ್ಟು ಬೆಳಕು. ಕ್ಯಾಂಡೆಲಾ ಅಂದ್ರೆ ಒಂದು ದಿಕ್ಕಿಗೆ ಎಷ್ಟು ಗಟ್ಟಿಯಾಗಿ ಹೋಗುತ್ತೆ ಅನ್ನೋದು. ನಲ್ಲಿಯಿಂದ ನೀರು ಎಷ್ಟು ಬರುತ್ತೆ ಅನ್ನೋದು ಲೂಮೆನ್. ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿದಾಗ ಎಷ್ಟು ರಭಸ ಅನ್ನೋದು ಕ್ಯಾಂಡೆಲಾ. ರಿಫ್ಲೆಕ್ಟರ್ ಆ ಹೆಬ್ಬೆಟ್ಟು. ನೀರು ಹೆಚ್ಚಾಗಲ್ಲ, ದೂರ ಹಾರುತ್ತೆ.

ಬರೀ ಎಲ್‌ಇಡಿಯ ಬೆಳಕು ಎದುರಿಗೆ ಹೆಚ್ಚು, ಪಕ್ಕಕ್ಕೆ ಹೋದ ಹಾಗೆ ಮೆಲ್ಲಗೆ ಕಮ್ಮಿ. ನಡುವಿನಿಂದ 60 ಡಿಗ್ರಿ ಓರೆಗೆ ಹೋದ್ರೆ ಅರ್ಧ. ಗಣಿತದಲ್ಲಿ ಇದನ್ನ ಲ್ಯಾಂಬರ್ಟ್ ಹಂಚಿಕೆ ಅಂತಾರೆ. ಎದುರಿನ ಕ್ಯಾಂಡೆಲಾ ಬೇಕಿದ್ರೆ ಲೂಮೆನ್ನನ್ನ ಪೈಯಿಂದ ಭಾಗಿಸಿದ್ರೆ ಸಾಕು. 300 ಲೂಮೆನ್ ಆದ್ರೆ ಸುಮಾರು 95 ಕ್ಯಾಂಡೆಲಾ. ದೂರದ ವರ್ಗದಿಂದ ಭಾಗಿಸಿದ್ರೆ ಅಲ್ಲಿ ಬೀಳೋ ಬೆಳಕು ಲಕ್ಸ್‌ನಲ್ಲಿ ಸಿಗುತ್ತೆ: 2 ಮೀಟರ್‌ನಲ್ಲಿ 24 ಲಕ್ಸ್, 10 ಮೀಟರ್‌ನಲ್ಲಿ ಹೆಚ್ಚುಕಮ್ಮಿ 1 ಲಕ್ಸ್. ಡಬ್ಬಿ ಮೇಲೆ ದೂರ ಬರೀತಾರಲ್ಲ, ಎಫ್‌ಎಲ್1 ಮಾನದಂಡದ ಪ್ರಕಾರ ಅದು ಬೆಳಕು 0.25 ಲಕ್ಸ್‌ಗೆ ಇಳಿಯೋ ಜಾಗ. ಅಂದ್ರೆ ಸುಮಾರು ಹುಣ್ಣಿಮೆ ಬೆಳಕು. ಆ ಲೆಕ್ಕಕ್ಕೆ ನಮ್ಮ ಮ್ಯೂಲ್ ಹೋಗೋದು 20 ಮೀಟರ್. ಅಂಗಡೀಲಿ ಇದನ್ನ ಯಾರು ತಗೋತಾರೆ ಹೇಳಿ?

ಅದೇ 300 ಲೂಮೆನ್ನಿಗೆ ರಿಫ್ಲೆಕ್ಟರ್ ಹಾಕಿ 5,000 ಕ್ಯಾಂಡೆಲಾ ಮಾಡಿದ್ರು ಅನ್ಕೊಳ್ಳಿ. ದೂರ 140 ಮೀಟರ್ ದಾಟುತ್ತೆ. ಆದ್ರೆ ಅದನ್ನೇ 2 ಮೀಟರ್ ಮುಂದೆ ನೆಲಕ್ಕೆ ಬಿಟ್ರೆ ನಡುವಿನ ಚುಕ್ಕೆಯಲ್ಲಿ 1,250 ಲಕ್ಸ್, ಆಫೀಸಿನ ಮೇಜಿನ ಮೇಲೆ ಇರೋದಕ್ಕಿಂತ ಹೆಚ್ಚು. ಚುಕ್ಕೆಯ ಹೊರಗೆ ಅದರಲ್ಲಿ ಒಂದು ಚೂರು. ನಮ್ಮ ಕಣ್ಣು ಹೊಂದಿಕೊಳ್ಳೋದು ಚುಕ್ಕೆಗೆ. ಚುಕ್ಕೆಯ ಪಕ್ಕದಲ್ಲಿ ಬೆಳಕು ಬಿದ್ದೇ ಇರುತ್ತೆ, ಆದ್ರೂ ನಮಗೆ ಅದು ಕತ್ತಲೆ. ಟಾರ್ಚ್ ಆರಿಸಿದ್ಮೇಲೆ ಕಣ್ಣು ಪೂರ್ತಿ ಕತ್ತಲೆಗೆ ಪಳಗೋಕೆ ಮತ್ತೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಆ ಕೊರಕಲು ನನಗೆ ಕಾಣದೇ ಇದ್ದಿದ್ದಕ್ಕೆ ಕಾರಣ ಬೆಳಕಿನ ಕೊರತೆ ಅಲ್ಲ.

ಹಾಗಾದ್ರೆ ರಿಫ್ಲೆಕ್ಟರ್ ಹಾಕಿದವರು ದಡ್ಡರಾ? ಖಂಡಿತ ಅಲ್ಲ. ನಮ್ಮ ಮನೇಲಿದ್ದ ಎರಡು ಶೆಲ್ಲಿನ ಹಳೇ ಟಾರ್ಚಿನ ಬಲ್ಬು ಕೊಡ್ತಿದ್ದಿದ್ದೇ ಹತ್ತು-ಹದಿನೈದು ಲೂಮೆನ್. ಅದನ್ನ ಹರಡಿದ್ರೆ ಐದು ಮೀಟರ್‌ಗೆ ಹುಣ್ಣಿಮೆ ಬೆಳಕೂ ಉಳಿಯಲ್ಲ. ಇದ್ದ ಚೂರುಪಾರನ್ನ ಒಟ್ಟುಗೂಡಿಸಿ ಕಳಿಸೋಕೆ ಆ ಹೊಳೆಯೋ ಬಟ್ಟಲು ಬೇಕಿತ್ತು. ಬಡತನದಲ್ಲಿ ಮಾಡ್ಕೊಂಡ ಉಪಾಯ ಅದು. ಈಗ ಹೆಬ್ಬೆರಳಿನಷ್ಟು ದಪ್ಪದ 18650 ಬ್ಯಾಟರಿ, ಅಕ್ಕಿಕಾಳಿನಷ್ಟು ಎಲ್‌ಇಡಿ ಸೇರಿ ನೂರಾರು ಲೂಮೆನ್ ಕೊಡ್ತವೆ. ಬಡತನ ಹೋಯ್ತು, ಬಟ್ಟಲು ಹಾಗೇ ಉಳೀತು, ಯಾಕಂದ್ರೆ ಮಾರೋಕೆ ದೊಡ್ಡ ನಂಬರ್ ಬೇಕಲ್ಲ.

ಮ್ಯೂಲ್‌ಗೆ ಅಷ್ಟು ಲೂಮೆನ್ನೂ ಬೇಡ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. 30 ಲೂಮೆನ್ನಿಗಿಟ್ರೂ 2 ಮೀಟರ್‌ನಲ್ಲಿ ಹತ್ತು ಹುಣ್ಣಿಮೆಯಷ್ಟು ಬೆಳಕಿರುತ್ತೆ. ಇಡೀ ರಾತ್ರಿ ನಡೆದ್ರೂ ಬ್ಯಾಟರಿ ಮುಗಿಯಲ್ಲ.

ಎಲ್ಲಿ ಕಟ್ಕೋತೀರಿ ಅನ್ನೋದೂ ಮುಖ್ಯ. ಹಣೆ ಮೇಲೆ ಇಟ್ರೆ ಬೆಳಕೂ ಕಣ್ಣೂ ಒಂದೇ ಕಡೆಯಿಂದ ನೋಡ್ತವೆ, ಕಲ್ಲಿನ ನೆರಳು ಕಲ್ಲಿನ ಹಿಂದೇ ಅಡಗುತ್ತೆ, ನೆಲ ಎಲ್ಲ ಚಪ್ಪಟೆ ಅನ್ಸುತ್ತೆ. ಸೊಂಟಕ್ಕೋ ಎದೆಗೋ ಇಳಿಸಿದ್ರೆ ಉಬ್ಬುತಗ್ಗು ಎದ್ದು ಕಾಣುತ್ತೆ. ಮಳೆಗಾಲದಲ್ಲಂತೂ ಹಣೆ ಮೇಲೆ ಇಡ್ಲೇಬೇಡಿ. ರಾಜಗಡದಲ್ಲಿ ಮಂಜು ಮುಸುಕಿದಾಗ ಹರಡೋ ಬೆಳಕು ಹನಿಗಳಿಂದ ವಾಪಸ್ ಕಣ್ಣಿಗೇ ಬಡಿದು ಬಿಳಿ ಗೋಡೆ ಕಟ್ಟುತ್ತೆ. ಇದು ಮ್ಯೂಲ್‌ನ ನಿಜವಾದ ದೌರ್ಬಲ್ಯ.

ಅದಕ್ಕಿಂತ ದೊಡ್ಡ ದೌರ್ಬಲ್ಯ ಹೇಳಿದ್ದು ಅಪ್ಪ. ನಮ್ಮೂರು ಧಾರವಾಡದ ಕಡೆ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿ ಬಂದ್ರೆ ಅಪ್ಪ ಅರ್ಧರಾತ್ರಿ ಬದುವಿನ ಮೇಲೆ ನಡೆದು ಮೋಟಾರ್ ಹಚ್ಚೋಕೆ ಹೋಗ್ತಾರೆ, ಮೂರು ಶೆಲ್ಲಿನ ಉದ್ದನೆ ಬ್ಯಾಟರಿ ಹಿಡ್ಕೊಂಡು. ಕೊಳಕುಮಂಡಲ ಓಡಾಡೋ ಹೊತ್ತು ಅದು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನೋ ಅಂದಾಜಿದೆ, ಹೆಚ್ಚಿನವರು ಹಳ್ಳಿಯವರೇ. ಹಾವು ಇರೋದು 140 ಮೀಟರ್ ಆಚೆ ಅಲ್ಲ, ಕಾಲ ಬುಡದಲ್ಲಿ. ಹೀಗೆಲ್ಲ ಭಾಷಣ ಮಾಡಿ ಒಂದು ಮ್ಯೂಲ್ ಕೊಟ್ಟೆ. ಹಚ್ಚಿ ನೋಡಿದ್ರು.

"ಕಂದೀಲ ತಂದೀಯಲ್ಲೋ! ಆಚೀ ಹೊಲದಾಗ ಹಂದಿ ಬಂದ್ರ ಇದ್ರಾಗ ಹೆಂಗ ಕಾಣಬೇಕು?"

ನನ್ನ ಹತ್ತಿರ ಉತ್ತರ ಇರ್ಲಿಲ್ಲ. ಹಂದಿ ದೂರದಿಂದಲೇ ಕಾಣ್ಬೇಕು, ಅದಕ್ಕೆ ಬಟ್ಟಲು ಬೇಕೇ ಬೇಕು. ಕಂದೀಲು ಅಂದಿದ್ದೂ ಸರಿಯೇ, ಸುತ್ತ ಹರಡೋ ಬೆಳಕು ನಾವು ಹೊಸದಾಗಿ ಕಂಡುಹಿಡಿದಿದ್ದೇನಲ್ಲ.

ಕೊಳ್ಳೋ ಮೊದಲು ಪರೀಕ್ಷೆ ಮಾಡ್ಬೇಕಾ? ಇರೋ ಟಾರ್ಚಿನ ಗಾಜಿಗೆ ಬಟರ್ ಪೇಪರ್ ಅಂಟಿಸಿ, ಕಮ್ಮಿ ಬೆಳಕಿಗಿಟ್ಟು ಮಹಡಿ ಮೆಟ್ಟಿಲು ಇಳಿದು ನೋಡಿ. ಸ್ವಲ್ಪ ಬೆಳಕು ತಿಂದುಹಾಕುತ್ತೆ, ಆದ್ರೆ ಅಂದಾಜು ಸಿಗುತ್ತೆ. ಮೊಬೈಲಿನ ಟಾರ್ಚೂ ಹೆಚ್ಚುಕಮ್ಮಿ ಇದೇ ಜಾತಿ. ಬಿಚ್ಚಿ ರಿಫ್ಲೆಕ್ಟರ್ ಕೀಳೋಕೆ ಮಾತ್ರ ಹೋಗ್ಬೇಡಿ. ಎಷ್ಟೋ ಟಾರ್ಚುಗಳಲ್ಲಿ ಎಲ್‌ಇಡಿಯ ತಟ್ಟೆಯನ್ನ ಮೈಗೆ ಒತ್ತಿ ಹಿಡಿಯೋದೇ ಆ ಬಟ್ಟಲು. ಅದನ್ನ ತೆಗೆದ್ರೆ ಶಾಖ ಹೊರಗೆ ಹೋಗದೆ ಎಲ್‌ಇಡಿ ಸುಡುತ್ತೆ. ಒಂದು ನಾನೇ ಸುಟ್ಟಿದ್ದೀನಿ. ಕೊಳ್ಳೋದಾದ್ರೆ ಝೀಬ್ರಾಲೈಟ್, ಎಮಿಸಾರ್ ತರದವರು ಇದನ್ನೇ ಅಂತ ಮಾಡಿದ್ದಾರೆ. ನಿಚಿಯಾ 519ಎ ಎಲ್‌ಇಡಿ ಇದ್ರೆ ಬಣ್ಣಗಳೂ ಹಗಲಿನ ಹಾಗೆ ಕಾಣ್ತವೆ. ಒಣ ಎಲೆ ಯಾವುದು, ಎಲೆ ಬಣ್ಣದ ಹಾವು ಯಾವುದು ಅನ್ನೋಕೆ ಇದು ಬೇಕು.

ಹೋದ ತಿಂಗಳು ಊರಿಗೆ ಹೋದಾಗ ರಾತ್ರಿ ಪಾಳಿ ಇತ್ತು. ಅಪ್ಪನ ಕೊರಳಲ್ಲಿ ದಾರ ಕಟ್ಟಿ ಮ್ಯೂಲ್ ಜೋತಾಡ್ತಿತ್ತು, ಹಚ್ಚಿತ್ತು. ಮೂರು ಶೆಲ್ಲಿನ ಬ್ಯಾಟರಿ ಕೈಯಲ್ಲೇ ಇತ್ತು, ಆರಿಸಿತ್ತು. ಆಚೀ ಹೊಲದ ಹತ್ತಿರ ಬಂದಾಗ ಒಂದು ಸಲ ಹಚ್ಚಿ, ಅತ್ತ ಇತ್ತ ಬೀಸಿ, ಮತ್ತೆ ಆರಿಸಿದ್ರು.